ಇದು ಯಾರ ಪ್ರತೀಕಾರ?

1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಟ್ಯಾಗೋರ್ ಕಾರವಾರದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆಗಿದ್ದಾಗ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಅಂದರೆ ಪ್ರಕೃತಿಯ ಪ್ರತೀಕಾರ. ಅಲ್ಲಿ ಗುಡ್ಡ ಜರಿಯುವುದಿಲ್ಲ. ಊರು ಮುಟ್ಟದ ಅನಾಥ ಹುಡುಗಿಯೊಬ್ಬಳ ಮೇಲಿನ ಮಮತೆ, ಲೋಕದ ನಂಟು ಕಡಿದುಕೊಂಡ ಸನ್ಯಾಸಿಯನ್ನು ಮರಳಿ ಮನುಷ್ಯರ ಬಳಿಗೆ ಎಳೆಯುತ್ತದೆ. ಅವನು ಬರುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ.

2024ರ ಜುಲೈ 16ರ ಮಳೆಯಲ್ಲಿ ಅಂಕೋಲಾದ ಶಿರೂರಿನ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿಯಿತು. ಚಹಾದಂಗಡಿಯ ಕುಟುಂಬವನ್ನೂ ಲಾರಿ ನಿಲ್ಲಿಸಿದ್ದ ಚಾಲಕರನ್ನೂ ಗಂಗಾವಳಿ ಹೊಳೆಯತ್ತ ಎಳೆದೊಯ್ದಿತು. ಆಮೇಲೆ ನಾನು ಓದಿದ ಕವನಗಳಲ್ಲೆಲ್ಲ ‘ಪ್ರಕೃತಿಯ ಸೇಡು’ ಎಂಬ ಮಾತಿತ್ತು.

ಈ ರೂಪಕದ ಬಗ್ಗೆ ನನಗೆ ತಕರಾರಿದೆ. ಕರಾವಳಿಗೆ ಆಷಾಢದ ಮಳೆ ಹೊಸದಲ್ಲ. ಚತುಷ್ಪಥಕ್ಕಾಗಿ ಗುಡ್ಡದ ಬುಡ ಕಡಿದದ್ದು ಮನುಷ್ಯರು. ಸೇಡಾದರೆ ಕಡಿದವರ ಮೇಲಿರಬೇಕಿತ್ತು. ಚಹಾ ಕಾಸುತ್ತಿದ್ದವರು ಯಾವ ಗುಡ್ಡ ಕಡಿದಿದ್ದರು? ‘ಸೇಡು’ ಎಂದು ಬರೆದ ಕವಿ, ತನಗೆ ಅರಿವಿಲ್ಲದೆಯೇ, ಕಡಿದವರನ್ನು ಪ್ರಶ್ನೆಯಿಂದ ಪಾರು ಮಾಡುತ್ತಾನೆ.

ಟ್ಯಾಗೋರರ ಅರ್ಥದ ಪ್ರತೀಕಾರವೂ ಶಿರೂರಿನಲ್ಲಿ ನಡೆಯಿತು. ಕೇರಳದ ಅಪರಿಚಿತ ಚಾಲಕನೊಬ್ಬನಿಗಾಗಿ ಮಲ್ಪೆಯ ಮುಳುಗುಗಾರರು ತುಂಬಿದ ಹೊಳೆಗಿಳಿದರು. ಸೆಪ್ಟೆಂಬರಿನಲ್ಲಿ ಲಾರಿ ಸಿಕ್ಕಿತು, ಅವನು ಬದುಕಿರಲಿಲ್ಲ. ನಮ್ಮ ಕಥೆ, ಕವನ ಇಲ್ಲಿಂದ ಶುರುವಾಗಬೇಕಿತ್ತು.