ಒಳಯಂತ್ರ, ಹೊರಯಂತ್ರ ಮತ್ತು ಎಣ್ಣೆಯ ಲೆಕ್ಕ

ತುಂಗಭದ್ರೆಯ ಹರಿಗೋಲಿನ ಹೊರತು ಬೇರೊಂದು ನೌಕೆಯ ಪರಿಚಯವಿಲ್ಲದ ರಾಣೆಬೆನ್ನೂರು ಸೀಮೆಯ ಹಲಗೇರಿಯಲ್ಲಿ ಕುಳಿತು ಕಡಲದೋಣಿಯ ಯಂತ್ರಗಳನ್ನು ತೂಗುವುದು ವ್ಯರ್ಥ ಪಾಂಡಿತ್ಯವೆಂದು ತೋರಬಹುದಾದರೂ, ಬಾವಿಯ ದಡದಲ್ಲಿ ನೆಟ್ಟ ಡೀಸೆಲ್ ಪಂಪ್‌ಸೆಟ್ಟನ್ನೂ ಕೈಯಲ್ಲಿ ಎತ್ತಿ ಒಯ್ಯುವ ಸೀಮೆಎಣ್ಣೆಯ ಪಂಪನ್ನೂ ನಡೆಯಿಸಿ ಬಲ್ಲ ರೈತನಿಗೆ, ದೋಣಿಗೆ ಒಳಯಂತ್ರ ಮೇಲೋ ಹೊರಯಂತ್ರ ಮೇಲೋ ಎಂಬ ಮಲ್ಪೆ ಬಂದರಿನ ವಾದ ಅರ್ಧ ತಿಳಿದಂತೆಯೇ ಸರಿ. ಬ್ಯಾಡಗಿಯ ಮೆಣಸಿನಕಾಯಿ ಕರಾವಳಿಯ ಮೀನಿನ ಸಾರಿಗೆ ಬಣ್ಣವಿತ್ತಿರುವಾಗ, ಆ ಮೀನು ದಡಕ್ಕೆ ಬಂದ ಬಗೆಯನ್ನು ನಾವು ವಿಚಾರಿಸುವುದು ಅನ್ಯಾಯವೇನಲ್ಲ.

ಟ್ರಾಲ್ ಬೋಟಿನ ಒಡಲಲ್ಲಿ ಕುಳಿತ ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಕಾಲು ಲೀಟರ್ ಎಣ್ಣೆಯನ್ನು ಕುಡಿದರೆ, ನಾಡದೋಣಿಯ ಹಿಂಬದಿಗೆ ತೂಗುಹಾಕಿದ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಅದೇ ಕೆಲಸಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ಬೇಡುತ್ತದೆ. ಕಾರಣ ಗೂಢವಲ್ಲ: ಡೀಸೆಲಿನ ಯಂತ್ರ ಗಾಳಿಯನ್ನು ಬಲವಾಗಿ ಅದುಮಿ ಇಂಧನವನ್ನು ಬಹುಮಟ್ಟಿಗೆ ಪೂರ್ಣವಾಗಿ ದಹಿಸುತ್ತದೆ, ಟೂ-ಸ್ಟ್ರೋಕಿನಲ್ಲಾದರೋ, ಹೊಗೆಯನ್ನು ಹೊರದೂಡಲು ಒಳಬಂದ ಹೊಸ ಮಿಶ್ರಣದಲ್ಲಿ ಒಂದಂಶ ಉರಿಯದೆಯೇ ಹೊಗೆಯ ಬೆನ್ನಹಿಂದೆ ಹೊರಟುಹೋಗುತ್ತದೆ. ಇದರೊಡನೆ ಪ್ರೊಪೆಲರಿನ ಸಂಗತಿಯೂ ಸೇರುತ್ತದೆ. ಒಡಲಿನ ಯಂತ್ರಕ್ಕೆ ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲರ್ ದೊರೆಯುತ್ತದೆ. ಹೊರಯಂತ್ರಕ್ಕೆ ವೇಗದಿಂದ ಸುತ್ತುವ ಚಿಕ್ಕದೇ ಗತಿಯಾಗಿ, ಭಾರದ ಬಲೆಯನ್ನೆಳೆವಾಗ ಅದು ನೀರನ್ನು ಕಡೆಯುವುದೇ ಹೆಚ್ಚು.

ಆದರೂ ಗಂಟೆಯ ಲೆಕ್ಕವೊಂದನ್ನೇ ಹಿಡಿದು ಜಗಳವಾಡುವವರಲ್ಲಿ ನನಗೆ ಗೌರವ ಕಡಮೆ. ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಗಂಟೆಗೆ 8 ಮೈಲಿ ಓಡುವ ಭಾರದ ದೋಣಿಯನ್ನು 7ಕ್ಕೆ ಇಳಿಸಿದ ಮಾತ್ರಕ್ಕೆ ಶಕ್ತಿಯ ಬೇಡಿಕೆ ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಯಾವ ಕಂಪನಿಯ ಯಂತ್ರವೂ ಇಷ್ಟನ್ನು ಅಷ್ಟು ಅಗ್ಗವಾಗಿ ಉಳಿಸಿಕೊಡಲಾರದು.

ಇಷ್ಟು ದುಂದುಗಾರನಾದ ಔಟ್‌ಬೋರ್ಡ್ ಕರಾವಳಿಯಲ್ಲಿ ಬಾಳಿದ್ದಾದರೂ ಹೇಗೆ? ಬಂದರವಿಲ್ಲದ ಊರುಗಳಲ್ಲಿ ಅಲೆಗಳನ್ನು ಸೀಳಿ ಮರಳಿಗೇ ಬಂದು ತಂಗುವ ದೋಣಿಗೆ, ಒಳಯಂತ್ರದಿಂದ ಅಡಿಯಲ್ಲಿ ಚಾಚಿಕೊಂಡ ದಂಡವೂ ಪ್ರೊಪೆಲರೂ ವಿಘ್ನವೇ ಸರಿ. ಹೊರಯಂತ್ರವನ್ನು ಮೇಲಕ್ಕೆ ಮಗುಚಬಹುದು, ಕಳಚಿ ಮನೆಗೂ ಒಯ್ಯಬಹುದು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಹೊರಳಿಸುವ ಪದ್ಧತಿ, ಸರ್ಕಾರದ ರಿಯಾಯಿತಿ ಎಣ್ಣೆಯ ಬಲದಿಂದ, ಆ ದುಂದನ್ನು ಬಹುಕಾಲ ಮರೆಸಿತು. ಆ ಎಣ್ಣೆ ಮೊದಲಿನಂತೆ ಸುಲಭವಲ್ಲದ ಇಂದು ಫೋರ್-ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್ ಮುಂದೆ ಬಂದಿದೆ: ಟೂ-ಸ್ಟ್ರೋಕಿಗಿಂತ ಮಿತಾಹಾರಿ, ಆದರೆ ಬೆಲೆಯಲ್ಲಿಯೂ ತೂಕದಲ್ಲಿಯೂ ಭಾರಿ. ಕೊಳ್ಳುವವನು ನನ್ನನ್ನು ಕೇಳಿದರೆ, ಲೀಟರಿನ ಮಾತಿಗೆ ಮುನ್ನ, ಮಳೆಗಾಲದ ಮರಳಿನಲ್ಲಿ ಅದನ್ನು ಹೊತ್ತು ನಡೆಯಲು ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ವಿಚಾರಿಸುವೆನು.