ರುದ್ರಭೂಮಿಯ ಶಿಶು

ಸ್ಮಶಾನವೆಂದೊಡನೆ ಎದೆ ನಡುಗುವ ವಾಚಕರು ಆಂಗ್ಲ ಲೇಖಕ ನೀಲ್ ಗೇಮನ್ನರ ‘ದಿ ಗ್ರೇವ್‌ಯಾರ್ಡ್ ಬುಕ್’ (2008) ಕಾದಂಬರಿಯನ್ನು ಒಮ್ಮೆ ಓದಬೇಕು. ಕೊಲೆಗಡುಕನೊಬ್ಬನು ನಡುವಿರುಳಿನಲ್ಲಿ ಒಂದು ಮನೆಯವರನ್ನೆಲ್ಲ ಇರಿದು ಕೊಲ್ಲುತ್ತಾನೆ. ಆಗಷ್ಟೇ ನಡೆಯಲು ಕಲಿತ ಮಗುವೊಂದು ಮಾತ್ರ ತೆರೆದ ಬಾಗಿಲಿನಿಂದ ಹೊರಬಿದ್ದು ಕಾಣೆಯಾಗುತ್ತದೆ. ಅದು ಸೇರುವುದು ಗುಡ್ಡದ ಮೇಲಿನ ಹಳೆಯ ಸ್ಮಶಾನವನ್ನು. ಅಲ್ಲಿಯ ಪ್ರೇತದಂಪತಿಗಳು ಅದನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಕತ್ತಿ ಹಿಡಿದು ಹುಡುಕುವವನು ಬದುಕಿರುವ ಮನುಷ್ಯ; ಕಾಯುವವರು ಸತ್ತವರು. ಭಯದ ನೆಲೆಯನ್ನೇ ಹೀಗೆ ತಿರುಗಿಸಿರುವುದು ಈ ಕೃತಿಯ ಹಿರಿಮೆ.

ಕೊಲೆಗೆ ಕಾರಣವಾಗಿ ಕೊನೆಯಲ್ಲಿ ಬರುವ ಗುಪ್ತಸಂಘ, ಭವಿಷ್ಯವಾಣಿಗಳ ವೃತ್ತಾಂತ ನಮಗೆ ಸಪ್ಪೆಯೆನಿಸಿತು. ಆದರೆ ಲೈಜಾಳ ಪ್ರಸಂಗವನ್ನು ಮರೆಯಲಾಗದು. ಮಾಟಗಾತಿಯೆಂದು ಊರವರು ಕೊಂದ ಈ ಹುಡುಗಿಯನ್ನು ಹೂಳಿದ್ದು ಸ್ಮಶಾನದ ಪವಿತ್ರಭೂಮಿಯ ಆಚೆಗೆ, ಹೆಸರಿನ ಕಲ್ಲೂ ಇಲ್ಲದೆ. ಮಣ್ಣಾದ ಮೇಲೂ ಬೇಲಿ! ಸತ್ತವರನ್ನು ಸಮಾಧಿ ಮಾಡುವ, ಮರಣವನ್ನು ಲಿಂಗೈಕ್ಯವೆನ್ನುವ ನಾವು ಇದನ್ನೋದಿದಾಗ ನಮ್ಮೂರ ರುದ್ರಭೂಮಿಗಳ ಬೇಲಿಗಳನ್ನೂ ನೆನೆಯಬೇಕಾಗುತ್ತದೆ. ಸ್ಮಶಾನದಲ್ಲಿ ಬೆಳೆದ ಆ ಬಾಲಕನು ಅವಳಿಗೊಂದು ಕಲ್ಲು ಕೊಳ್ಳಲೆಂದು ಪೇಟೆಗೆ ಹೋಗಿ, ವಂಚಕ ವ್ಯಾಪಾರಿಯೊಬ್ಬನ ಕೈಗೆ ಸಿಕ್ಕಿ, ಹೇಗೋ ಪಾರಾಗಿ ಬರುತ್ತಾನೆ. ಕಲ್ಲು ದೊರೆಯುವುದಿಲ್ಲ. ಕಾಗದ ಹಾರದಂತೆ ಇಡುವ ಗಾಜಿನ ಗುಂಡೊಂದರ ಮೇಲೆ ಅವಳ ಹೆಸರಿನ ಮೊದಲಕ್ಷರಗಳನ್ನು ಬರೆದು ಆ ಮಣ್ಣಿನ ಮೇಲಿಡುತ್ತಾನೆ.