ತಟ್ಟೆ ನೋಡಿ ಗುಣ ಹೇಳಬೇಡಿ

ಸಿಡುಕು, ಸಂಕೋಚ, ಧೈರ್ಯ, ಮಂಕು ಎಲ್ಲವೂ ಕರುಳಿನ ಬ್ಯಾಕ್ಟೀರಿಯಾಗಳ ಕೆಲಸ ಎಂಬ ಮಾತು ಈಗ ಆರೋಗ್ಯ ಅಂಕಣಗಳಲ್ಲೂ ಪ್ರೋಬಯಾಟಿಕ್ ಜಾಹೀರಾತುಗಳಲ್ಲೂ ಸಿದ್ಧಸತ್ಯದಂತೆ ಓಡಾಡುತ್ತಿದೆ. ಕರುಳಿಗೂ ಮಿದುಳಿಗೂ ನಂಟಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ನಂಟಿನಿಂದ ಮನುಷ್ಯನ ಸ್ವಭಾವದವರೆಗೆ ಒಂದೇ ನೆಗೆತಕ್ಕೆ ಹಾರುವುದರ ಬಗ್ಗೆ ನನ್ನ ತಕರಾರು. ವಿಜ್ಞಾನ ಅಷ್ಟು ದೂರ ಹೋಗಿಲ್ಲ. ಹೋಗಿದೆ ಎಂದು ನಂಬಿದರೆ ನಮ್ಮ ಸಮಾಜಕ್ಕೆ ಕೇಡು.

ಈ ನಂಬಿಕೆಗೆ ಬಲ ಬಂದದ್ದು ಇಲಿಗಳಿಂದ. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ಜಾನ್ ಕ್ರಯಾನ್ ಮತ್ತು ಸಂಗಡಿಗರು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಇಲಿಗಳಿಗೆ ತಿನ್ನಿಸಿದರು. ಅವುಗಳ ಅಂಜಿಕೆ ತಗ್ಗಿತು. ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಒಯ್ಯುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಸುದ್ದಿ ಸಾಗುವ ದಾರಿಯನ್ನೇ ತೋರಿಸಿಕೊಟ್ಟ ಸೊಗಸಾದ ಪ್ರಯೋಗ ಅದು. ಆಮೇಲೆ ಕಾರ್ಕ್‌ನ ಸಂಶೋಧಕರೇ ಅದೇ ತಳಿಯನ್ನು 29 ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. 2017ರಲ್ಲಿ ಅವರೇ ಪ್ರಕಟಿಸಿದಂತೆ, ಮನಸ್ಸಿನ ಒತ್ತಡ ತಗ್ಗಿಸುವುದರಲ್ಲಾಗಲಿ ಬುದ್ಧಿ ಚುರುಕಾಗಿಸುವುದರಲ್ಲಾಗಲಿ ಅದು ಔಷಧವಿಲ್ಲದ ಪ್ಲಸೀಬೊಗಿಂತ ಮೇಲೆನಿಸಲಿಲ್ಲ. ಮೊದಲ ಪ್ರಯೋಗ ಹೆಸರಾಯಿತು, ಎರಡನೆಯದನ್ನು ನೆನೆಯುವವರು ಕಡಿಮೆ.

ದೇಹದಲ್ಲಿರುವ, ಮನಸ್ಥಿತಿಗೆ ನಂಟುಳ್ಳ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಕರುಳಿನಲ್ಲಿದೆ ಎಂಬುದು ಇನ್ನೊಂದು ಆಧಾರ. ಲೆಕ್ಕ ಸರಿ. ಆದರೆ ಆ ಸೆರೊಟೋನಿನ್ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಲಾರದು. ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಇನ್ನು ಮನುಷ್ಯರ ವಿಷಯ. ಆಕ್ಸ್‌ಫರ್ಡ್‌ನ ಕತೆರಿನಾ ಜಾನ್ಸನ್ 2020ರಲ್ಲಿ 655 ವಯಸ್ಕರ ಕರುಳಿನ ಜೀವಿಗಳನ್ನು ಅವರ ಸ್ವಭಾವದ ಜೊತೆ ತಾಳೆ ನೋಡಿದರು. ಹೆಚ್ಚು ಜನರ ಒಡನಾಟವಿದ್ದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯವೂ ಹೆಚ್ಚಿತ್ತು. ಬ್ಯಾಕ್ಟೀರಿಯಾವೇ ನಮ್ಮನ್ನು ಸ್ನೇಹಪರರನ್ನಾಗಿಸುತ್ತದೆ ಎಂದು ಇದನ್ನು ಓದುವವರಿದ್ದಾರೆ. ಆದರೆ ನಾಲ್ಕು ಜನರೊಡನೆ ಬೆರೆತು ಒಟ್ಟಿಗೆ ಉಣ್ಣುವವರಿಗೆ ಆ ನಾಲ್ವರ ಸೂಕ್ಷ್ಮಜೀವಿಗಳೂ ಅಂಟಿಕೊಳ್ಳುತ್ತವೆ ಎಂಬ ವಿವರಣೆಯೂ ಅಷ್ಟೇ ಸಲ್ಲುತ್ತದೆ. ಆಟಿಸಂ ಕುರಿತು ಆಸ್ಟ್ರೇಲಿಯಾದಲ್ಲಿ 247 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇನ್ನಷ್ಟು ಸ್ಪಷ್ಟ. ಆಟಿಸಂಗೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ನೇರ ನಂಟು ಅಲ್ಲಿ ಹೆಚ್ಚುಕಡಿಮೆ ಕಾಣಲೇ ಇಲ್ಲ. ಕೆಲವೇ ತಿನಿಸುಗಳಿಗೆ ಅಂಟಿಕೊಳ್ಳುವ ಮಕ್ಕಳ ಕರುಳಿನಲ್ಲಿ ವೈವಿಧ್ಯ ಕುಗ್ಗಿದ್ದು ಕಂಡಿತು. ಸ್ವಭಾವ ಊಟವನ್ನು ಆರಿಸುತ್ತದೆ, ಊಟ ಕರುಳನ್ನು ಬದಲಿಸುತ್ತದೆ.

ಆಹಾರದಿಂದಲೇ ಗುಣ ಎನ್ನುವವರು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವನ್ನು ಮುಂದಿಡುವುದುಂಟು. ಸಾತ್ತ್ವಿಕರಿಗೆ, ರಾಜಸರಿಗೆ, ತಾಮಸರಿಗೆ ಯಾವ ಆಹಾರ ಪ್ರಿಯ ಎಂಬುದನ್ನು ಅಲ್ಲಿ ಹೇಳಿದೆ. ಅಲ್ಲಿಯೂ ಸ್ವಭಾವ ಮೊದಲು, ರುಚಿ ಆಮೇಲೆ.

ಆತುರದ ತೀರ್ಮಾನಕ್ಕೆ ಜನ ಪ್ರಾಣವನ್ನೇ ತೆತ್ತದ್ದುಂಟು. ಅಮೆರಿಕದ ಟ್ರೆಂಟನ್ ಮಾನಸಿಕ ಆಸ್ಪತ್ರೆಗೆ 1907ರಲ್ಲಿ ಮುಖ್ಯಸ್ಥನಾಗಿ ಬಂದ ಹೆನ್ರಿ ಕಾಟನ್, ದೇಹದಲ್ಲಿ ಅಡಗಿದ ಸೋಂಕೇ ಮನೋರೋಗದ ಮೂಲವೆಂದು ನಂಬಿದ. ರೋಗಿಗಳ ಹಲ್ಲು, ಟಾನ್ಸಿಲ್ ಕಿತ್ತ. ಎಷ್ಟೋ ಮಂದಿಯ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದ. ಅವರಲ್ಲಿ ಅನೇಕರು ಸತ್ತರು.

ನಮ್ಮಲ್ಲಿನ ಅಪಾಯ ಬೇರೆ ಬಗೆಯದು. ಉಣ್ಣುವುದನ್ನು ನೋಡಿ ಜಾತಿ ಊಹಿಸುವ, ಜಾತಿ ನೋಡಿ ಗುಣ ಅಳೆಯುವ ರೂಢಿ ಇನ್ನೂ ಅಳಿದಿಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ, ಅಪೌಷ್ಟಿಕತೆಯಿಂದ ನರಳುವ ಮಕ್ಕಳ ತಟ್ಟೆಯೂ ಧರ್ಮದ ಪ್ರಶ್ನೆಯಾಯಿತು. ಇಂಥ ನೆಲದಲ್ಲಿ, ತಿಂದದ್ದು ಕರುಳನ್ನೂ ಕರುಳು ಗುಣವನ್ನೂ ರೂಪಿಸುತ್ತದೆ ಎಂಬ ಅರೆಬೆಂದ ಮಾತು ಹಳೆಯ ತಿರಸ್ಕಾರಕ್ಕೆ ಪ್ರಯೋಗಾಲಯದ ಮೊಹರು ಒತ್ತುತ್ತದೆ. ಖಿನ್ನತೆಯಲ್ಲಿ ಬೇಯುತ್ತಿರುವವರನ್ನು ವೈದ್ಯರ ಬಳಿಗೆ ಕರೆದೊಯ್ಯುವ ಬದಲು, ಸರಿಯಾಗಿ ಉಣ್ಣದ್ದು ಅವರದೇ ತಪ್ಪು ಎಂದು ದೂರುವುದಕ್ಕೂ ನೆಪವಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆ ಆರೋಗ್ಯವನ್ನೂ ನಡತೆಯನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ. ಮೊಸರು, ಅಂಬಲಿ, ಸೊಪ್ಪು ಹೊಟ್ಟೆಗೆ ಹಿತ, ಉಣ್ಣೋಣ. ನಮ್ಮ ನಡತೆಯನ್ನು ತಿದ್ದಿಕೊಳ್ಳುವ ಹೊಣೆ ಮಾತ್ರ ನಮ್ಮದೇ. ಇನ್ನೊಬ್ಬರ ನಡತೆಯನ್ನು ಅವರ ಊಟದಿಂದ ಅಳೆಯುವ ಹಕ್ಕನ್ನು ಯಾವ ವಿಜ್ಞಾನವೂ ಯಾರಿಗೂ ಕೊಟ್ಟಿಲ್ಲ.